ದುರ್ಗಿಯ ಬಾವಿಯ ಕಾಗೆ ಬಂಗಾರ

ಅಘನಾಶಿನಿಯ ಹೊಳೆಬಾಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು ಬುಟ್ಟಿಗೆ ಹಾಕುವ ಮೊದಲು ಚಿಪ್ಪನ್ನು ಚಿಪ್ಪಿಗೆ ಬಡಿದು ಸದ್ದು ಕೇಳುತ್ತಾರೆ. ಬಾಯಿ ಮುಚ್ಚಿಕೊಂಡು ಮಲಗಿದ ಚಿಪ್ಪಿನೊಳಗೆ ಮಾಂಸದ ಬದಲು ಕಪ್ಪು ಕೆಸರು ತುಂಬಿರುವುದುಂಟು. ಅಂಥದೊಂದು ಸೇರಿದರೂ ಪಾತ್ರೆಯ ಸಾರೆಲ್ಲ ಹಾಳು. ದುರ್ಗಿಗೆ ಇದನ್ನು ಕಲಿಸಿದವಳು ಅವಳ ಅವ್ವಿ. ಮದುವೆಯಾಗಿ ಭಟ್ಕಳದ ಜಾಲಿಗೆ ಬಂದಮೇಲೆ ಚಿಪ್ಪು ಬಡಿಯುವ ಕೆಲಸ ತಪ್ಪಿತು, ಬಡಿದು ನೋಡುವ ಬುದ್ಧಿ ಮಾತ್ರ ತಪ್ಪಲಿಲ್ಲ.

ಜಾಲಿಯಲ್ಲಿ ಅವಳು ಮೀನು ಮಾರುವವಳಾದಳು. ದೋಣಿ ನಿಲ್ಲುವ ದಕ್ಕೆಯಲ್ಲಿ ಬುಟ್ಟಿ ಎತ್ತುವ ಮೊದಲು ತಳದ ಮೀನನ್ನು ಮೇಲೆ ತಂದು ಕಿವಿರು ಬಿಡಿಸಿ ನೋಡುವಳು. ಪೇಟೆಯಲ್ಲಿ ಅಕ್ಕಿ ಕೊಂಡರೆ ಅಂಗಡಿಯವನ ಕೈ ತಕ್ಕಡಿಯ ಯಾವ ಬದಿಯಲ್ಲಿದೆ ಎಂದು ಕಣ್ಣು ತೆಗೆಯದೆ ನೋಡುವಳು. ಯಾರಾದರೂ ನಗುತ್ತ ಮಾತನಾಡಿಸಿದರೆ ಇವರಿಗೆ ನನ್ನಿಂದ ಎಂತ ಆಗಬೇಕು ಎಂಬುದೇ ಅವಳ ಮೊದಲ ಯೋಚನೆ. ಗಂಡ ಈರ ದಡದಿಂದ ಎಳೆಯುವ ರಂಪಣಿ ಬಲೆಗೆ ಹೋಗುವವ, ಸಾಧು ಮನುಷ್ಯ. ಹೆಂಡತಿ ಯಾರ ಮೇಲಾದರೂ ಗುಮಾನಿ ಪಟ್ಟರೆ ಹೌದೆನ್ನದೆ, ಅಲ್ಲವೆನ್ನದೆ ಬೀಡಿ ಹಚ್ಚಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದ.

ಅವರ ಕೇರಿಯಿದ್ದದ್ದು ಗುಡ್ಡದ ಬುಡದಲ್ಲಿ. ಅಲ್ಲಿಂದ ಸಮುದ್ರಕ್ಕೆ ಕೂಗಳತೆ. ಹೊಯಿಗೆಯ ಮರಳಿನಲ್ಲಿ ತೋಡಿದ ಬಾವಿಗಳೆಲ್ಲ ಚೈತ್ರ ಬರುವ ಹೊತ್ತಿಗೆ ಉಪ್ಪಾಗುತ್ತಿದ್ದವು. ಆಗಿಂದ ಮಳೆ ಹಿಡಿದು ಬಾವಿ ಸಿಹಿಯಾಗುವ ತನಕ ವೆಂಕಟನ ಎತ್ತಿನ ಗಾಡಿಯೇ ಗತಿ. ಅವನು ಗುಡ್ಡದಾಚೆಯ ಒರತೆಯಿಂದ ಡ್ರಮ್ಮಿನಲ್ಲಿ ನೀರು ತಂದು ಕೇರಿಗೆಲ್ಲ ಹಂಚುತ್ತಿದ್ದ. ಅವನು ಒರತೆಯವರೆಗೆ ಹೋಗುವುದೇ ಇಲ್ಲ, ದಾರಿಯ ಕೆರೆಯಲ್ಲೇ ಡ್ರಮ್ಮು ಮುಳುಗಿಸಿ ತರುತ್ತಾನೆ ಎಂದು ದುರ್ಗಿಯ ಗುಮಾನಿ. ಒಂದು ದಿನ ಗಾಡಿಯ ಹಿಂದೆಯೇ ನಡೆದು ಹೋಗಿ ನೋಡಿ ಬಂದಳು. ಅವನು ಒರತೆಗೇ ಹೋದ. ನಾನು ಹಿಂದೆ ಬರುವುದು ಕಂಡು ಹೋದ ಅಂದಳು ಮನೆಗೆ ಬಂದು.

ಎಪ್ಪತ್ತೇಳನೇ ಇಸವಿಯ ಬೇಸಗೆಯಲ್ಲಿ ಅವಳು ಹಟ ಹಿಡಿದು ಹಿತ್ತಲಲ್ಲಿ ಬಾವಿ ತೋಡಿಸಿದಳು. ತೋಡಲು ಬಂದವನು ಮಂಕಿ ಊರಿನ ಶನಿಯಾರ. ಭಟ್ಕಳದಿಂದ ಹೊನ್ನಾವರದವರೆಗೆ ಬಾವಿ ಎಂದರೆ ಅವನನ್ನೇ ಕರೆಯುತ್ತಿದ್ದರು. ಮಾತು ಕಡಿಮೆ. ಜಾಗ ತೋರಿಸಿದ್ದೂ ಅವನೇ, ಅಗೆದದ್ದೂ ಅವನೇ. ಮೇಲೆ ಬುಟ್ಟಿ ಎಳೆಯಲು ಈರ ಮತ್ತು ಈರನ ತಮ್ಮ ದಾಸ. ದುರ್ಗಿ ಬಾವಿಯ ಅಂಚಿನಲ್ಲೇ ಮಣೆ ಹಾಕಿಕೊಂಡು ಕೂತಳು, ಮೇಲೆ ಬಂದ ಮಣ್ಣಿನ ಪ್ರತಿ ಬುಟ್ಟಿಯನ್ನೂ ನೋಡಿದಳು. ಕೆಂಪು ಮಣ್ಣು ಮುಗಿದು ಚಿರೆಕಲ್ಲು ಬಂತು, ಚಿರೆಕಲ್ಲು ಮುಗಿದು ಬಿಳಿ ಜೇಡಿ ಬಂತು. ಅದರ ಕೆಳಗೆ ಹಾರೆ ತಾಗಿದರೆ ಪುಡಿಪುಡಿಯಾಗುವ ಬೂದು ಕಲ್ಲು. ಆ ಕಲ್ಲಿನ ತುಂಬ ಕಪ್ಪು ಹೊಳಪು. ಬಿಸಿಲಿಗೆ ಹಿಡಿದರೆ ಕಾಗೆಯ ರೆಕ್ಕೆಯ ಹಾಗೆ ಮಿನುಗುತ್ತಿತ್ತು, ಉಗುರು ತೂರಿಸಿದರೆ ಪದರಪದರವಾಗಿ ಏಳುತ್ತಿತ್ತು.

ದುರ್ಗಿ ಬಗ್ಗಿ ಕೇಳಿದಳು. "ಎಂತ ಅದು, ಶನಿಯಾರಣ್ಣ?"

"ಎಂತದೂ ಅಲ್ಲ," ಎಂದ ಶನಿಯಾರ ಕೆಳಗಿಂದ. "ಕಾಗೆ ಬಂಗಾರ. ಕರಿ ಅಭ್ರಕ."

ಎಂತದೂ ಅಲ್ಲ ಎಂದವನು ಮಧ್ಯಾಹ್ನ ಊಟಕ್ಕೆ ಮೇಲೆ ಬಂದಾಗ ಅಂಗೈಯಗಲದ ಒಂದು ಹೆಂಟೆಯನ್ನು ಆರಿಸಿ, ಮಣ್ಣು ಒರೆಸಿ, ಪಂಚೆಯ ತುದಿಗೆ ಗಂಟು ಹಾಕಿಕೊಂಡ. ದುರ್ಗಿ ಗಂಜಿ ಬಡಿಸುತ್ತ ಅದನ್ನು ನೋಡಿದಳು. ಏನೂ ಅಲ್ಲದ್ದನ್ನು ಯಾರೂ ಗಂಟು ಕಟ್ಟಿಕೊಳ್ಳುವುದಿಲ್ಲ. ಬಂಗಾರ ಅಂತ ಅವನ ಬಾಯಲ್ಲೇ ಬಂತಲ್ಲ ಎಂದು ಅವಳ ಮನಸ್ಸು ಒಂದು ಕಡೆ ಓಡಿತು. ಇಲ್ಲ, ಇವನೇ ಎಂತದೋ ತಂದು ಹಾಕಿದ್ದಾನೆ, ಮಾಟಕ್ಕೆ ಮಣ್ಣು ಒಯ್ಯುತ್ತಿದ್ದಾನೆ ಎಂದು ಇನ್ನೊಂದು ಕಡೆ ಓಡಿತು. ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ ಎಂದು ಕೇಳದೆಯೇ ತೀರ್ಮಾನಿಸಿದಳು.

ನೀರು ಬಂತು, ಸಿಹಿ ನೀರು. ಆದರೆ ಕೊಡದಲ್ಲಿ ತುಂಬಿಟ್ಟರೆ ತಳದಲ್ಲಿ ಕಪ್ಪು ಮಿನುಗು ಕೂರುತ್ತಿತ್ತು. ಶನಿಯಾರ ಹೋಗುವಾಗ, ನೀರೆಲ್ಲ ಎತ್ತಿ ಚೆಲ್ಲಿ ಹೊಸ ನೀರು ಬರಲು ಬಿಡಿ, ಒಂದೆರಡು ಮಳೆಗಾಲ ಕಳೆದರೆ ಕಡಿಮೆಯಾಗುತ್ತದೆ, ಬಟ್ಟೆಯಲ್ಲಿ ಸೋಸಿ ಕುಡಿದರೆ ಏನೂ ಆಗುವುದಿಲ್ಲ ಎಂದು ಹೇಳಿ ಹೋದ. ಆ ಸಂಜೆ ದಾಸನ ಹೆಂಡತಿ ಕಮಲಿ ಕೊಡ ಹಿಡಿದು ಬಂದಳು. ಅವಳ ಕಂಕುಳಲ್ಲಿ ಹಾಲು ಕುಡಿಯುವ ಮಗು. ಇಬ್ಬರೂ ಏನೋ ಮಾತಾಡಿದರು, ಕಮಲಿ ನೀರು ತುಂಬಿಕೊಂಡು ಹೋದಳು. ಏನು ಮಾತಾಡಿದೆವು ಎಂಬುದನ್ನು ದುರ್ಗಿ ಮರುದಿನಕ್ಕೆ ಮರೆತುಬಿಟ್ಟಳು.

ಮಳೆ ಶುರುವಾಯಿತು. ಕಮಲಿಯ ಮಗುವಿಗೆ ಭೇದಿ ಹತ್ತಿತು. ಮಳೆ ಹಿಡಿದ ಹೊಸತರಲ್ಲಿ ಕೇರಿಯ ಬಹಳ ಮಕ್ಕಳಿಗೆ ಹೊಟ್ಟೆ ಕೆಡುವುದಿತ್ತು, ಆದರೆ ಈ ಸಲ ಕಾರಣ ಕಣ್ಣಿಗೆ ಕಾಣುವಂತೆ ಕೊಡದ ತಳದಲ್ಲೇ ಮಿನುಗುತ್ತಿತ್ತು. ಮಗು ಆಸ್ಪತ್ರೆಯಿಂದ ಉಳಿದು ಬಂತು. ಕಮಲಿ ಮತ್ತೆ ದುರ್ಗಿಯ ಹಿತ್ತಲಿಗೆ ಬರಲಿಲ್ಲ. ಅವಳನ್ನು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ಬರುವುದು ನಿಲ್ಲಿಸಿದರು. ದುರ್ಗಿಯ ಬಾವಿಯಲ್ಲಿ ಎಂತದೋ ಇದೆಯಂತೆ, ತೋಡಿದವನು ಎಂತದೋ ಮಾಡಿ ಹೋದನಂತೆ ಎಂಬ ಮಾತು ಕೇರಿಯಿಂದ ದಕ್ಕೆಗೆ, ದಕ್ಕೆಯಿಂದ ಪೇಟೆಗೆ ಹೋಯಿತು. ಅವಳು ಮೀನು ತೊಳೆಯುವುದೂ ಅದೇ ನೀರಿನಲ್ಲಿ. ಒಂದು ದಿನ ಖಾಯಂ ಗಿರಾಕಿಯಾದ ದೊಡ್ಡ ಮನೆಯ ಹೆಂಗಸು ಬಂಗಡೆಯ ಬೆನ್ನಿನ ಮೇಲೆ ಕರಿ ಚೂರೊಂದು ಹೊಳೆದದ್ದನ್ನು ಕಂಡು, ಬೇಡ ಎಂದು ಬಾಗಿಲು ಹಾಕಿಕೊಂಡಳು. ಅಷ್ಟು ವರ್ಷ ಮಂದಿಯ ಬುಟ್ಟಿಯ ತಳ ಕೆದಕಿದವಳ ಬುಟ್ಟಿಯ ತಳವನ್ನು ಈಗ ಎಲ್ಲರೂ ಕೆದಕತೊಡಗಿದರು.

ಯಾರು ಹಬ್ಬಿಸಿದ್ದು? ದುರ್ಗಿ ಹುಡುಕುತ್ತ ಹೋಗಬೇಕಾಗಲಿಲ್ಲ, ಉತ್ತರ ಬೀದಿಯಲ್ಲೇ ಗಾಡಿ ಹೊಡೆದುಕೊಂಡು ಬರುತ್ತಿತ್ತು. ತನ್ನ ಬಾವಿ ನಡೆದಿದ್ದರೆ ವೆಂಕಟನ ಡ್ರಮ್ಮು ಒಣಗುತ್ತಿತ್ತಲ್ಲ. ಅವಳು ಎಲ್ಲರೆದುರಿಗೇ ಗಾಡಿಗೆ ಅಡ್ಡ ನಿಂತು ಬೈದಳು. ವೆಂಕಟ ಎತ್ತಿನ ಹಗ್ಗ ಹಿಡಿದು ನಿಂತ. ನಾನು ಹೇಳಿದ್ದಲ್ಲ, ನನಗೂ ಕೇಳಿದ ಮಾತು ಎಂದಷ್ಟೇ ಅಂದ. ಮತ್ತೆ ಅವಳ ಮನೆಯೆದುರು ಗಾಡಿ ನಿಲ್ಲಿಸಲಿಲ್ಲ.

ಆಮೇಲೆ ಅವಳ ಗುಮಾನಿ ಮನೆಯೊಳಕ್ಕೇ ಬಂತು. ಈರ ಬಲೆಗೆ ಹೋಗುವಾಗ ಒಯ್ಯುವ ತಂಬಿಗೆ ಮನೆಯಿಂದ ಹೊರಡುವಾಗ ಹಗುರವಾಗಿರುತ್ತದೆ ಎಂದು ಅವಳಿಗೆ ಅನಿಸಿತು. ಒಂದು ಬೆಳಿಗ್ಗೆ ಗೇರು ಮರದ ಮರೆಯಲ್ಲಿ ನಿಂತು ನೋಡಿದಳು. ಈರ ತಮ್ಮನ ಮನೆಯ ಜಗಲಿ ಹತ್ತಿದ, ಕಮಲಿ ತನ್ನ ಕೊಡದಿಂದ ಆ ತಂಬಿಗೆಗೆ ನೀರು ಬಗ್ಗಿಸಿದಳು. ದುರ್ಗಿ ಏನೂ ಕಾಣದವಳಂತೆ ಮನೆಗೆ ಬಂದಳು. ಮಧ್ಯಾಹ್ನ ಊಟಕ್ಕೆ ಕೂತಾಗ ತನ್ನ ಬಾವಿಯ ನೀರನ್ನು ಲೋಟ ತುಂಬ ಬಗ್ಗಿಸಿ ಅವನ ಎದುರಿಗಿಟ್ಟಳು. ಈರ ಲೋಟ ನೋಡಿದ, ಅವಳ ಮುಖ ನೋಡಿದ. ಅರ್ಧ ಕುಡಿದು ಕೆಳಗಿಟ್ಟು, "ನಿಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ," ಎಂದ. ಅವಳು ಉಳಿದರ್ಧವನ್ನು ಎತ್ತಿ ತಾನು ಕುಡಿದಳು.

ದಿನಾ ಕುಡಿಯುತ್ತಿದ್ದಳು. ಅಂಗಳದಲ್ಲಿ ನಿಂತು, ನೋಡುವವರಿಗೆ ಕಾಣುವಂತೆಯೇ ಕುಡಿಯುತ್ತಿದ್ದಳು. ಒಳಗೆ ಹೋಗಿ ಬಾಗಿಲ ಪಕ್ಕದ ಕನ್ನಡಿಯಲ್ಲಿ ನಾಲಗೆ ಚಾಚಿ ನೋಡಿಕೊಳ್ಳುತ್ತಿದ್ದಳು. ಉಗುರು ಕಪ್ಪಾಗಿದೆಯೇ ಎಂದು ಬೆಳಕಿಗೆ ಹಿಡಿಯುತ್ತಿದ್ದಳು. ತನ್ನ ಬಾವಿಯ ಮೇಲೆ ಅವಳಿಗೇ ನಂಬಿಕೆ ಇರಲಿಲ್ಲ. ಆ ಪಂಚೆಯ ಗಂಟು ಕಣ್ಣಿಗೆ ಕಟ್ಟಿದ ಹಾಗಿತ್ತು.

ಹೀಗೇ ವರ್ಷಗಳು ಹೋದವು. ರಂಪಣಿ ಬಲೆಗಳ ಕಾಲ ಮುಗಿದು ಪರ್ಸಿನ್ ಬಲೆಯ ಯಂತ್ರದ ಬೋಟುಗಳು ಬಂದವು. ಈರ ಯಾರದ್ದೋ ಬೋಟಿನಲ್ಲಿ ಕೆಲಸಕ್ಕೆ ಸೇರಿದ. ಇಬ್ಬರು ವಾರಗಿತ್ತಿಯರು ಒಂದೇ ಬೇಲಿಯ ಎರಡು ಬದಿಯಲ್ಲಿ ಬಟ್ಟೆ ಒಣಗಿಸುತ್ತಿದ್ದರು, ಮಾತಿರಲಿಲ್ಲ.

ಎಂಬತ್ತೊಂದರಲ್ಲಿ ದಾಸನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಈರ ಒತ್ತಾಯ ಮಾಡಿದ್ದಕ್ಕೆ ದುರ್ಗಿ ಹೋದಳು. ಅಲ್ಲಿ ಕಮಲಿ ಎಲ್ಲರಿಗೂ ಪಾನಕ ಕೊಟ್ಟು ಇವಳ ಮುಂದೆ ಬಂದು ನಿಂತಾಗ, ದುರ್ಗಿ ಲೋಟ ತೆಗೆದುಕೊಳ್ಳದೆ, ಇಷ್ಟು ವರ್ಷ ನುಂಗಿಟ್ಟದ್ದನ್ನು ಕೇಳಿಯೇಬಿಟ್ಟಳು.

"ನನ್ನ ಬಾವಿ ನೀರು ವಿಷ ಅಂತ ನಿಂಗೆ ಹೇಳ್ದವ್ರು ಯಾರು? ವೆಂಕಟನೇ ಅಲ್ದಾ?"

ಕಮಲಿ ಬೆರಗಾಗಿ ನೋಡಿದಳು. "ನೀನೇ ಅಲ್ದಾ ಅಕ್ಕ?"

"ನಾನಾ?"

"ಬಾವಿ ಆದ ದಿನ ಸಂಜೆ, ನಾ ಕೊಡ ತುಂಬಿ ಎತ್ತುವಾಗ ಹೇಳ್ದೆ. ಮಗುಗೆ ಈಗ್ಲೇ ಕೊಡ್ಬೇಡ, ಆ ಮನ್ಷ ಎಂತದೋ ಗಂಟು ಕಟ್ಕಂಡು ಹೋದ, ಎಂತದೋ ಮಾಡಿದ, ನಂಗೆ ನಂಬ್ಕೆ ಇಲ್ಲ ಅಂತ. ನಾ ಅಷ್ಟಾಗಿ ಕಿವಿಗೆ ಹಾಕ್ಕಳ್ಲಿಲ್ಲ. ಮಗು ಮಲಗ್ದಾಗ ನೆನ್ಪಾತು. ನೀರಿನ ಗಾಡಿ ಹತ್ರ ಎಲ್ಲರಿಗೂ ಹೇಳ್ದೆ. ಅಕ್ಕನೇ ಹೇಳ್ದ ಮಾತು ಅಂತ್ಲೇ ಹೇಳ್ದೆ."

ದುರ್ಗಿ ಮೊದಲು ನಂಬಲಿಲ್ಲ. ಕಮಲಿ ಅವಳ ತಪ್ಪನ್ನು ತನ್ನ ಮೇಲೆ ಹೊರಿಸುತ್ತಿದ್ದಾಳೆ ಎಂದುಕೊಂಡಳು. ಮನೆಗೆ ಬಂದು, ಬೇಕಾದರೆ ಈರನನ್ನೇ ಕೇಳೋಣ ಎಂದು ಕೇಳಿದಳು. ಈರ, ನಂಗೂ ನೀನು ಅದನ್ನೇ ಹೇಳಿದ್ದೆ, ಗಾಡಿಯವನಿಗೆ ಬೈದಾಗ ನನಗೆ ಆಶ್ಚರ್ಯವಾಗಿತ್ತು ಎಂದ. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ನನ್ನನ್ನೂ ಅವರ ಬದಿಗೆ ಸೇರಿಸುತ್ತಿದ್ದೆ ಅಂದ. ಅದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಒಲೆಯ ಮುಂದೆ ಕೂತು ಆ ಸಂಜೆಯನ್ನು ನೆನಪು ಮಾಡಿಕೊಳ್ಳುತ್ತ ಹೋದಳು. ಕೊಡ, ಕಮಲಿಯ ಕಂಕುಳ ಮಗು, ಬಾವಿಯ ಹಸಿ ಮಣ್ಣಿನ ವಾಸನೆ, ತನ್ನದೇ ದನಿ. ಹೇಳಿದ್ದು ಹೌದು.

ಶನಿಯಾರ ಏನಾದ ಎಂದು ವಿಚಾರಿಸಿದಾಗ ತಿಳಿಯಿತು, ಆ ಮಾತಿನ ಮೇಲೆ ಅವನನ್ನು ಬಾವಿಗೆ ಕರೆಯುವವರೇ ಇಲ್ಲವಾಗಿ, ಮಂಕಿ ಬಿಟ್ಟು ಹೆಂಡತಿಯೊಡನೆ ಗೇರುಸೊಪ್ಪದ ಕಡೆ ರಸ್ತೆಗೆ ಜಲ್ಲಿ ಒಡೆಯುವ ಕೆಲಸಕ್ಕೆ ಹೋಗಿದ್ದಾನೆಂದು. ದುರ್ಗಿ ಹೊನ್ನಾವರದಲ್ಲಿ ಲಾಂಚು ಹತ್ತಿ ಶರಾವತಿಯ ಮೇಲೆ ಹೋದಳು. ತಪ್ಪೊಪ್ಪಿಕೊಳ್ಳಲಿಕ್ಕೇ ಹೋದಳು ಎಂದು ಹೇಳಿದರೆ ಪೂರ್ತಿ ನಿಜವಲ್ಲ. ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದದ್ದು ಆ ಗಂಟು. ನನ್ನ ಮಾತಿನಿಂದ ಅವನ ಕೆಲಸ ಹೋದದ್ದು ಸರಿ, ಆದರೆ ಅವನು ಒಯ್ದದ್ದು ಎಂತ? ನನ್ನ ಗುಮಾನಿ ನಿಜವೇ ಆಗಿದ್ದರೆ?

ಗುಡ್ಡದ ಮಗ್ಗುಲು ಸಿಡಿಸಿ ಕಲ್ಲು ತೆಗೆಯುತ್ತಿದ್ದರು. ಬಿಸಿಲಲ್ಲೇ ಹೆಂಗಸರು ಸಾಲಾಗಿ ಕೂತು ಸುತ್ತಿಗೆಯಿಂದ ಜಲ್ಲಿ ಒಡೆಯುತ್ತಿದ್ದರು. ದುರ್ಗಿ ಹತ್ತಿರ ಹೋದಂತೆ ಕಾಲು ನಿಧಾನವಾಯಿತು. ಆ ಕಲ್ಲಿನ ತುಂಬ ಅದೇ ಕಪ್ಪು. ಒಡೆದ ಬದಿಯಲ್ಲೆಲ್ಲ ಅದೇ ಮಿನುಗು. ಹೆಂಗಸರ ಮುಂಗೈಗೆ, ಹಣೆಯ ಬೆವರಿಗೆ, ಮಡಿಲ ಎಲೆಯಡಿಕೆ ಚೀಲಕ್ಕೆ ಅದೇ ಚೂರುಗಳು ಅಂಟಿದ್ದವು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಜಾಲಿಯ ಒಂದು ಹಿತ್ತಲಿಗೆ ಯಾರೋ ತಂದು ಹಾಕಿದ್ದು ಎಂದು ಅವಳು ತಿಳಿದದ್ದು ಇಲ್ಲಿ ಇಡೀ ಗುಡ್ಡವೇ ಆಗಿತ್ತು.

ಶನಿಯಾರನ ಹೆಂಡತಿ ಲಕ್ಕಿ ಅವಳ ಗುರುತಿಲ್ಲದೆಯೇ, ದೂರದಿಂದ ಬಂದವಳೆಂದು ನೆರಳಿಗೆ ಕರೆದು, ಬಂಡೆಯ ಸಂದಿಯಿಂದ ತುಂಬಿದ ಮಡಕೆಯ ನೀರು ಕೊಟ್ಟಳು. ಚೊಂಬಿನ ತಳದಲ್ಲಿ ಕರಿ ಚೂರು ಹೊಳೆಯುತ್ತಿತ್ತು. ದುರ್ಗಿ ಒಂದು ಗಳಿಗೆ ಹಿಡಿದುಕೊಂಡೇ ಕೂತಳು. ಲಕ್ಕಿ ಅದನ್ನು ಬೇರೆಯೇ ಅರ್ಥ ಮಾಡಿಕೊಂಡು, ನಮ್ಮ ಕೈ ನೀರು ಆಗ್ಲಿಕ್ಕಿಲ್ಲವೇನೋ ಅಂದಳು. ಅದಕ್ಕೆ ದುರ್ಗಿ ಗಟಗಟ ಕುಡಿದುಬಿಟ್ಟಳು.

ಶನಿಯಾರ ಬಂದ. ಕೂದಲು ನರೆತಿತ್ತು. ಅವಳನ್ನು ಕಂಡ ಕೂಡಲೇ ಗುರುತು ಹಿಡಿದ, ಕೂತುಕೊಳ್ಳಲಿಲ್ಲ. ದುರ್ಗಿ ನೇರವಾಗಿ ಕೇಳಿದಳು.

"ಅವತ್ತು ಪಂಚೆಗೆ ಗಂಟು ಹಾಕ್ಕಂಡು ಹೋದ್ಯಲ್ಲ, ಅದು ಎಂತಕ್ಕೆ?"

ಅವನಿಗೆ ನೆನಪಾಗಲು ಹೊತ್ತು ಹಿಡಿಯಿತು. ಲಕ್ಕಿಯೇ ಹೇಳಿದಳು. ಮಂಕಿಯ ಮನೆಯಲ್ಲಿ ತುಳಸಿ ಕಟ್ಟೆ ಹೊಸತಾಗಿ ಕಟ್ಟಿದ್ದರಂತೆ. ಹಸಿ ಮಣ್ಣಿಗೆ ಒತ್ತಿದರೆ ದೀಪದ ಬೆಳಕಿಗೆ ಚಂದ ಕಾಣುತ್ತದೆ ಎಂದು ಗಂಡ ತಂದುಕೊಟ್ಟದ್ದಂತೆ. ಪದರ ಬಿಡಿಸಿ ಸುತ್ತಲೂ ಹಚ್ಚಿದ್ದಳಂತೆ. ಆ ಮನೆ ಈಗ ಬೇರೆಯವರಲ್ಲಿದೆ ಎಂದಳು ಲಕ್ಕಿ, ಸಾಮಾನ್ಯ ಮಾತಾಡುವ ಹಾಗೆ.

ದುರ್ಗಿ ತಲೆ ತಗ್ಗಿಸಿಕೊಂಡು, ತಾನು ಕಮಲಿಗೆ ಆಡಿದ ಮಾತನ್ನೂ ಅದು ಹೋದ ದಾರಿಯನ್ನೂ ಹೇಳಿದಳು. ಮಾತಾಡುತ್ತಲೇ ಜಲ್ಲಿ ಒಡೆಯತೊಡಗಿದ್ದ ಲಕ್ಕಿಯ ಸುತ್ತಿಗೆ ನಿಂತಿತು. ಶನಿಯಾರ ಕೇಳಿ ಮುಗಿಸಿ, ತನಗೆ ಆ ವರ್ಷವೇ ಗೊತ್ತಾಗಿತ್ತು ಎಂದ. ಅವನು ಒಮ್ಮೆ ಜಾಲಿಗೆ ಬಂದು ಬಾವಿ ನೋಡಬೇಕೆಂದು ದುರ್ಗಿ ಬೇಡಿಕೊಂಡಳು.

"ನಾ ಬರೂದಿಲ್ಲ," ಎಂದ ಅವನು. "ಇಲ್ಲಿ ನನ್ನ ಹತ್ರ ಹೇಳಿ ಎಂತ ಆತು? ಎಲ್ಲಿ ಹೇಳಿದ್ಯೋ ಅಲ್ಲೇ ಹೇಳು."

ಜಾಲಿಗೆ ಬಂದ ಮರುದಿನ ದುರ್ಗಿ ನೀರಿನ ಗಾಡಿಯ ಹತ್ತಿರ ಹೋಗಿ ನಿಂತಳು. ವೆಂಕಟನಿದ್ದ, ಕಮಲಿಯಿದ್ದಳು, ಕೇರಿಯ ಹೆಂಗಸರೆಲ್ಲ ಇದ್ದರು. ಬಾವಿಯಲ್ಲಿ ಏನೂ ಇಲ್ಲ, ಅದು ಕಲ್ಲಿನ ಗುಣ, ಗೇರುಸೊಪ್ಪದ ಗುಡ್ಡ ಪೂರ್ತಿ ಅದೇ, ಶನಿಯಾರ ಏನೂ ಮಾಡಲಿಲ್ಲ, ಇಲ್ಲದ್ದನ್ನು ಹೇಳಿದವಳು ನಾನು ಎಂದಳು. ವೆಂಕಟನ ಕಡೆ ತಿರುಗಿ ಅವನಿಗೆ ಬೈದದ್ದೂ ತನ್ನದೇ ತಪ್ಪು ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಹೇಳ್ತಾಳೆ, ಮೀನು ಹೋಗುವುದಿಲ್ಲ ಅಂತ ಇರಬೇಕು, ಇಲ್ಲ ಆ ಮನುಷ್ಯ ಅಲ್ಲಿ ಎಂತದೋ ಕುಡಿಸಿ ಕಳಿಸಿರಬೇಕು ಎಂದು ಬೆನ್ನ ಹಿಂದೆ ಮಾತು ಹುಟ್ಟಿತು. ಅದು ಕಿವಿಗೆ ಬಿದ್ದಾಗ ಅವಳಿಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಹಾಗೇ ಅನ್ನುತ್ತಿದ್ದೆ ಎಂದು ಅವಳಿಗೆ ಖಾತ್ರಿಯಿತ್ತು.

ಮುಂದೊಂದು ಬೇಸಗೆಯಲ್ಲಿ ಗುಡ್ಡದಾಚೆಯ ಒರತೆ ಸಣ್ಣಗಾಯಿತು. ವೆಂಕಟನ ಡ್ರಮ್ಮು ಅರ್ಧವೂ ತುಂಬದಾಯಿತು. ಒಂದು ಮಧ್ಯಾಹ್ನ, ಕೇರಿಯವರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ ಅವನು ಹಿತ್ತಲ ಬೇಲಿಯ ದಣಪೆ ದಾಟಿ ಬಂದು, ನಿನ್ನ ಬಾವಿಯಿಂದ ಡ್ರಮ್ಮು ತುಂಬಿಸಿಕೊಳ್ಳಲೇ ಎಂದು ಕೇಳಿದ. ಇದರಲ್ಲಿ ಏನು ಹುನ್ನಾರವಿದೆ ಎಂದು ದುರ್ಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮಂದಿಗೆ ಹೇಳಿ ಕೊಡುತ್ತೀಯೋ ಹೇಳದೆ ಕೊಡುತ್ತೀಯೋ ಎಂದು ಕೇಳಿದಳು. ಹೇಳಿದರೆ ಯಾರೂ ಕುಡಿಯುವುದಿಲ್ಲ, ಮಕ್ಕಳು ಬಾಯಾರಿ ಸಾಯುತ್ತವೆ ಎಂದ ವೆಂಕಟ. ಅವಳಿಗೆ ಅದು ಸರಿಕಾಣಲಿಲ್ಲ, ಬೇಡವೆನ್ನಲೂ ಆಗಲಿಲ್ಲ. ತುಂಬಿಕೋ ಎಂದಳು. ಬೇಲಿಯಾಚೆ ಕಮಲಿ ಅದೇ ಗಾಡಿಯಿಂದ ಕೊಡ ತುಂಬಿ ಒಯ್ಯುವುದನ್ನು ದಿನಾ ನೋಡುತ್ತ, ಅವಳ ಮಗಳಿಗೆ, ಅಂದಿನ ಆ ಕೂಸಿಗೆ, ಸೀನು ಬಂದರೂ ಬೇಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಮಳೆ ಬರುವ ಮುಂಚೆ ಒಂದು ದಿನ ಕಮಲಿ ಕೊಡ ಹಿಡಿದು ಹಿತ್ತಲಿಗೆ ಬಂದಳು. ಕೊಡವನ್ನು ಓರೆ ಮಾಡಿ ತಳದಲ್ಲಿ ಮಿನುಗುವ ಒಂದೆರಡು ಕರಿ ಚೂರು ತೋರಿಸಿದಳು.

"ಅಕ್ಕ, ಇದು ನಿನ್ನ ಬಾವಿ ನೀರು."

"ಹೌದು."

"ಎಷ್ಟು ದಿನಾತು?"

"ಒರತೆ ಬತ್ತಿದಾಗಿಂದ. ನಾ ಹೇಳ್ಬೇಕಿತ್ತು. ಹೆದ್ರಿಕೆ ಆತು."

ಕಮಲಿ ಕೊಡವನ್ನು ನೆಲಕ್ಕಿಟ್ಟಳು. ಹೇಳದೆ ಕುಡಿಸಿದ್ದು ತಪ್ಪು ಎಂದಳು. ದುರ್ಗಿ ಒಪ್ಪಿದಳು. ಆಮೇಲೆ ಕಮಲಿ, ಹುಡುಗಿ ಚೆನ್ನಾಗಿಯೇ ಇದ್ದಾಳೆ, ಗಾಡಿಯ ತನಕ ಹೋಗುವ ಕಷ್ಟ ಯಾಕೆ ಎಂದು, ಸೆರಗಿನಲ್ಲಿ ಸೋಸಿ ಕೊಡ ತುಂಬಿಕೊಂಡು ಹೋದಳು. ವೆಂಕಟನಿಗೆ ಅವಳು ಎರಡು ಮಾತು ಜೋರಾಗಿಯೇ ಅಂದಳಂತೆ. ಕೇರಿಯವರು ಒಂದಿಷ್ಟು ದಿನ ವೆಂಕಟನನ್ನೂ ದುರ್ಗಿಯನ್ನೂ ಬೈದರು, ಬೈಯುತ್ತಲೇ ದುರ್ಗಿಯ ಹಿತ್ತಲಿಗೆ ಕೊಡ ಹಿಡಿದು ಬಂದರು.

ದುರ್ಗಿ ಮೀನಿನ ಬುಟ್ಟಿ ಹೊತ್ತು ಹೋದ ಮನೆಗಳಲ್ಲೆಲ್ಲ ಬಾವಿಯ ಮಾತು ತೆಗೆಯತೊಡಗಿದಳು. ಶನಿಯಾರನಷ್ಟು ನೀರಿನ ಜಾಗ ಬಲ್ಲವನಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಇವಳಿಗೆ ಅವನಿಂದ ಏನು ಸಿಗುತ್ತದೆ ಎಂದು ಮಂದಿ ಅನುಮಾನಪಟ್ಟರೂ, ಒಬ್ಬರು ಕರೆಸಿದರು, ಅವರನ್ನು ನೋಡಿ ಇನ್ನೊಬ್ಬರು ಕರೆಸಿದರು. ಎಂಬತ್ತೈದರ ಹೊತ್ತಿಗೆ ಶನಿಯಾರ ಗೇರುಸೊಪ್ಪ ಬಿಟ್ಟು ಮಂಕಿಗೆ ಮರಳಿದ, ಹಳೆಯ ಮನೆ ಸಿಗದೆ ಬೇರೆ ಗುಡಿಸಲು ಕಟ್ಟಿಕೊಂಡ. ಬೆನ್ನು ಕೈಕೊಡುವ ತನಕ ಜಾಲಿಯಲ್ಲೂ ಹಲವು ಬಾವಿ ತೋಡಿದ. ದುರ್ಗಿ ದಾರಿಯಲ್ಲಿ ಸಿಕ್ಕಾಗ ಕರೆದರೆ ನಿಲ್ಲುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಗಂಜಿಗೆ ಕರೆದರೆ ಮಾತ್ರ, ಹೊತ್ತಾತು ಎಂದು ಹಾರೆ ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ. ಲಕ್ಕಿ ಒಂದು ಸಲ ಬಂದು ಉಂಡಳು, ಅವನು ಬರಲಿಲ್ಲ.